ಯಾರ ವಿಷಯವೂ ಅಲ್ಲದ ವಿಷಯ

ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕ್ಯಾಲಿಪರ್ ಮುರಿದದ್ದು ಒಂದು ಸೋಮವಾರ ಬೆಳಿಗ್ಗೆ, ಭದ್ರಾವತಿಯ ಬಸ್ಸಿನಿಂದ ಇಳಿಯುವಾಗ. ಕೊನೆಯ ಮೆಟ್ಟಿಲಿನಿಂದ ಬಲಗಾಲನ್ನು ನೆಲಕ್ಕೆ ಊರಿದೆ. ತೊಡೆಯ ಹತ್ತಿರ ಏನೋ ಟಪ್ಪೆಂದಿತು. ಏನೆಂದು ನೋಡುವಷ್ಟರಲ್ಲಿ ನೆಲದ ಮೇಲಿದ್ದೆ. ಬ್ಯಾಗಿನಲ್ಲಿದ್ದ ವಿದ್ಯಾರ್ಥಿಗಳ ಟೆಸ್ಟ್ ಪೇಪರುಗಳು ಬಸ್ಸಿನ ಚಕ್ರದ ತನಕ ಹರಡಿಹೋಗಿದ್ದವು. ಬಾಳೆಹಣ್ಣು ಮಾರುವ ಹೆಂಗಸೊಬ್ಬರು ಬುಟ್ಟಿ ಬಿಟ್ಟು ಓಡಿಬಂದು, ಕಂಕುಳಿಗೆ ಕೈಹಾಕಿ ಎತ್ತಿ ಕಟ್ಟೆಯ ಮೇಲೆ ಕೂರಿಸಿದರು.

"ಎಲ್ಲಿಗೆ ಹೋಗ್ಬೇಕಿತ್ತವ್ವ?"

"ಕಾಲೇಜಿಗೆ."

"ಓದ್ತಿದೀಯಾ?"

"ಪಾಠ ಮಾಡ್ತೀನಿ."

ಅವರು ನನ್ನ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. ಪೇಪರುಗಳನ್ನು ಒಟ್ಟುಮಾಡಿ ಧೂಳು ಕೊಡವಿ ಮಡಿಲಿಗೆ ಹಾಕಿ ಹೋದರು. ಕಾಲೇಜು ಅಲ್ಲಿಂದ ಆಟೋದಲ್ಲಿ ಐದು ನಿಮಿಷದ ದಾರಿ. ಅಲ್ಲಿಗೆ ನಾನು ಅವತ್ತೂ ಹೋಗಲಿಲ್ಲ, ಮತ್ತೆಂದೂ ಹೋಗಲಿಲ್ಲ.

ನಡೆಯಲು ಕಲಿತ ವರ್ಷವೇ ನನಗೆ ಪೋಲಿಯೊ ಬಂದಿತ್ತು. ಬಲಗಾಲಿನಲ್ಲಿ ಬಲವಿಲ್ಲ. ಕ್ಯಾಲಿಪರ್ ಎಂದರೆ ಅಂಥ ಕಾಲನ್ನು ನೆಟ್ಟಗೆ ನಿಲ್ಲಿಸುವ ಚೌಕಟ್ಟು: ತೊಡೆಯಿಂದ ಬೂಟಿನವರೆಗೆ ಎರಡು ಕಂಬಿ, ಮೊಣಕಾಲಿನ ಜಾಗದಲ್ಲಿ ಒಂದು ಕೀಲು. ನಿಂತಾಗ ಕೀಲಿನ ಮೇಲೊಂದು ಉಂಗುರ ಜಾರಿ ಬಿಗಿಯುತ್ತದೆ, ಕೂರುವಾಗ ಅದನ್ನು ಮೇಲೆ ಎಳೆದುಕೊಳ್ಳಬೇಕು. ಚಿಕ್ಕಂದಿನಿಂದ ನಾನು ಹಾಕಿಕೊಂಡದ್ದು ಕಬ್ಬಿಣ ಮತ್ತು ಚರ್ಮದ್ದು. ಸಂಜೆಯ ಹೊತ್ತಿಗೆ ಸೊಂಟ ಬಿದ್ದುಹೋಗುವಷ್ಟು ಭಾರ. ಆದರೆ ಅದರಲ್ಲಿ ಏನು ಹೋದರೂ ಅಪ್ಪ ಸರಿಮಾಡುತ್ತಿದ್ದ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್. ಅಡುಗೆಮನೆಯ ಬಾಗಿಲಲ್ಲಿ ಗೋಣಿಚೀಲ ಹಾಸಿ ಕೂತು, ಅಮ್ಮನ ಬೈಗುಳ ಕೇಳುತ್ತಾ ರಿವೆಟ್ ಬಡಿಯುತ್ತಿದ್ದ. ನಾನು ಮರುದಿನ ಸ್ಕೂಲಿಗೆ ಹೋಗುತ್ತಿದ್ದೆ.

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಬೆಂಗಳೂರಿಗೆ ಹೋಗಿ ಪ್ಲಾಸ್ಟಿಕ್ಕಿನದು ಮಾಡಿಸಿಕೊಂಡೆವು. ಕಂಬಿ ತೆಳು, ತೊಡೆಯನ್ನು ಹಿಡಿಯುವ ಭಾಗ ಬಿಳಿಯ ಪ್ಲಾಸ್ಟಿಕ್ ಹಾಳೆಯದು. ಅದನ್ನು ಹಾಕಿಕೊಂಡು ಆಸ್ಪತ್ರೆಯ ಅಂಗಳದಲ್ಲಿ ನಡೆದ ದಿನ ಕಾಲೇ ಇಲ್ಲವೇನೋ ಅನ್ನುವಷ್ಟು ಹಗುರವಾಗಿತ್ತು. ಅದೇ ಈಗ ವರ್ಷ ತುಂಬುವ ಮೊದಲೇ ಮುರಿದಿತ್ತು.

ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಕಂಬಿಯನ್ನು ಕೂರಿಸಿದ ರಿವೆಟ್ಟಿನ ತೂತಿನಿಂದ ಬಿರುಕು ಹೊರಟು ಅಂಚಿನ ತನಕ ಸೀಳಿತ್ತು.

"ಇದಕ್ಕೆ ವೆಲ್ಡಿಂಗ್ ಹಿಡಿಯಲ್ಲ ಮಗಾ. ಇನ್ನೊಂದು ತೂತು ಹೊಡೆದ್ರೆ ಅಲ್ಲೂ ಸೀಳುತ್ತೆ."

ಬೆಂಗಳೂರಿನ ಆಸ್ಪತ್ರೆಯವರು ಪಕ್ಕದ ಮನೆಯ ಫೋನಿನಲ್ಲಿ ಹೇಳಿದ್ದೂ ಅದನ್ನೇ. ರಿಪೇರಿ ಇಲ್ಲ, ಎಸೆಯಿರಿ, ಬಂದು ಹೊಸ ಅಳತೆ ಕೊಡಿ, ಸರದಿ ಬಂದಾಗ ತಿಳಿಸುತ್ತೇವೆ. ಹಳೆಯ ಕಬ್ಬಿಣದ್ದರ ಚರ್ಮ ಅಷ್ಟರಲ್ಲಿ ಇಲಿಯ ಪಾಲಾಗಿತ್ತು. ಸರದಿ ಬರುವ ತನಕ ನಾನು ಮನೆಯೊಳಗೆ ಕೂತು, ಕೈಯೂರಿ ಜರುಗುತ್ತಾ ಓಡಾಡಿದೆ. ಎಂ.ಎಸ್ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದವಳು ಬಚ್ಚಲಿಗೆ ತೆವಳಿಕೊಂಡು ಹೋಗುವುದನ್ನು ನೋಡಲಾರದೆ ಅಪ್ಪ ಆ ಹೊತ್ತಿಗೆ ಸರಿಯಾಗಿ ಅಂಗಳಕ್ಕೆ ಎದ್ದುಹೋಗುತ್ತಿದ್ದ. ನಾನು ಪಾರ್ಟ್‌ಟೈಮ್ ಲೆಕ್ಚರರ್ ಆದ್ದರಿಂದ ನನಗೆ ರಜೆ ಅನ್ನುವುದೇ ಇರಲಿಲ್ಲ. ಕಾಲೇಜಿನಿಂದ ಫೋನ್ ಬಂತು. "ಪರೀಕ್ಷೆ ಹತ್ರ ಬಂತಲ್ಲಮ್ಮ, ಬೇರೆಯವರನ್ನ ತಗೊಂಡಿದೀವಿ. ಬೇಜಾರು ಮಾಡ್ಕೋಬೇಡಿ."

ಒಂದು ತೂತಿನ ಅಂಚಿನಿಂದ ನನ್ನ ಕೆಲಸ ಹೋಯಿತು. ಕೂತಲ್ಲೇ ಕೂತು ಆ ತೂತನ್ನೇ ಯೋಚಿಸತೊಡಗಿದೆ. ಹಗುರವಾದದ್ದು ರಿಪೇರಿಯಾಗುವುದಿಲ್ಲ, ರಿಪೇರಿಯಾಗುವುದನ್ನು ಹೊರಲಾಗುವುದಿಲ್ಲ. ಎರಡೂ ಆಗುವಂಥದ್ದನ್ನು ಮಾಡಬಾರದೆ? ತೊಡೆಯ ಹಾಳೆಯನ್ನು ಬೇರೆ ಬೇರೆ ತುಂಡುಗಳಲ್ಲಿ ಮಾಡಿ, ಯಾವ ಊರಿನ ಸೈಕಲ್ ಶಾಪಿನಲ್ಲೂ ಸಿಗುವ ಬೋಲ್ಟಿನಿಂದ ಕಂಬಿಗೆ ಜೋಡಿಸಿದರೆ, ಹೋದ ತುಂಡನ್ನಷ್ಟೇ ಬದಲಾಯಿಸಬಹುದು. ಆಯನೂರಿನಂಥ ಸಣ್ಣ ಊರಿನಲ್ಲಿ ಮುರಿದರೆ ಆಯನೂರಿನಲ್ಲೇ ಸರಿಯಾಗಬೇಕು. ಕಾಗದದ ಮೇಲೆ ಚಿತ್ರ ಬರೆದು ಅಪ್ಪನಿಗೆ ತೋರಿಸಿದೆ. ಆಗಷ್ಟೇ ಅವನು ವಿ.ಆರ್.ಎಸ್. ತಗೊಂಡು, ಅವಧಿಗೆ ಮೊದಲೇ ಕೆಲಸ ಬಿಟ್ಟು ಮನೆಯಲ್ಲಿದ್ದ. ಜೊತೆಯವರು ಒಬ್ಬೊಬ್ಬರೇ ಅಂಗಡಿ ಹಾಕುತ್ತಿದ್ದರು. ಕಾರ್ಖಾನೆಯ ಸೈರನ್ ಕೂಗಿದಾಗಲೆಲ್ಲ ಇವನು ಗೋಡೆಯ ಗಡಿಯಾರ ನೋಡುತ್ತಿದ್ದ. ನನ್ನ ಚಿತ್ರ ನೋಡಿದ ಮರುದಿನವೇ ಗುಜರಿಯಿಂದ ಅಲ್ಯೂಮಿನಿಯಂ ಪಟ್ಟಿ ತಂದ.

ಇದನ್ನೇ ಪಿಎಚ್.ಡಿ.ಗೆ ತಗೊಳ್ಳಬೇಕೆಂದು ನನಗೆ ಅನ್ನಿಸಿದ್ದು ಆಸೆಯಿಂದ ಎಷ್ಟೋ, ಭಯದಿಂದಲೂ ಅಷ್ಟೇ. ಪಿಎಚ್.ಡಿ. ಇಲ್ಲದೆ ಪರ್ಮನೆಂಟ್ ಕೆಲಸದ ಕನಸು ಕಾಣುವಂತಿರಲಿಲ್ಲ. ಹೊಸ ಕ್ಯಾಲಿಪರ್ ಬಂದ ವಾರವೇ ಶಂಕರಘಟ್ಟದ ಬಸ್ ಹತ್ತಿ, ನನಗೆ ಪಾಠ ಹೇಳಿದ್ದ ಪ್ರೊಫೆಸರರನ್ನು ಕಂಡೆ. ಚಿತ್ರಗಳನ್ನು ಪ್ರೀತಿಯಿಂದಲೇ ನೋಡಿದರು. "ತುಂಬಾ ಒಳ್ಳೆ ಕೆಲಸ. ಆದ್ರೆ ಇದು ಫಿಸಿಕ್ಸ್ ಅಲ್ಲಮ್ಮ." ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋದೆ. "ನೀವು ಬಿ.ಇ. ಮಾಡಿಲ್ವಲ್ಲ" ಎಂದರು. ಮೂಳೆ ಡಾಕ್ಟರೊಬ್ಬರು ಕಾಫಿ ತರಿಸಿಕೊಟ್ಟು, ಇದು ವೈದ್ಯರು ಮಾಡುವ ಸಂಶೋಧನೆಯಲ್ಲ, ಎಂಜಿನಿಯರುಗಳದು ಎಂದರು. ಪರಿಸರ ವಿಜ್ಞಾನದವರು ನದಿ ಮತ್ತು ಕಾಡು ಬಿಟ್ಟು ಬೇರೆ ವಿಷಯ ತಗೊಳ್ಳುವಂತಿಲ್ಲ ಎಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಎಲ್ಲರೂ ಬಾಗಿಲ ತನಕ ಬಂದು ಬೀಳ್ಕೊಟ್ಟರು. ಪ್ರತಿ ಸಲವೂ ಮನೆಗೆ ಬಂದಾಗ ಅಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದ: "ಏನಂದ್ರು?" ನಾನು ಕ್ಯಾಲಿಪರಿನ ಪಟ್ಟಿ ಬಿಚ್ಚುತ್ತಾ "ಒಳ್ಳೆ ವಿಷಯ ಅಂದ್ರು" ಎನ್ನುತ್ತಿದ್ದೆ. ಅಪ್ಪ ತಲೆಯಾಡಿಸುತ್ತಿದ್ದ. ಅವನಿಗೂ ಗೊತ್ತಿತ್ತು.

ಹೀಗೆ ಒಂದೂವರೆ ವರ್ಷ ಕಳೆಯಿತು. ಆಮೇಲೆ ಒಂದು ದಿನ ನನ್ನ ಗೆಳತಿ ಇಂಗ್ಲಿಷ್ ಪೇಪರಿನ ತುಂಡೊಂದನ್ನು ಹಿಡಿದು ಬಂದಳು. ಎಂ.ಎಸ್ಸಿ.ಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಆಗ ಶಂಕರಘಟ್ಟದಲ್ಲೇ ಸಂಶೋಧನೆಗೆ ಸೇರಿದ್ದಳು. "ಓದು ಮಾರಾಯ್ತಿ, ನಿನಗಂತಲೇ ಕೊಟ್ಟಂಗಿದೆ!"

ಹೊರರಾಜ್ಯದ ಒಂದು ಸಂಸ್ಥೆ 'ಡಿಸೈನ್ ಫಾರ್ ಸಸ್ಟೇನಬಿಲಿಟಿ' ಎಂಬ ವಿಷಯದಲ್ಲಿ ಪಿಎಚ್.ಡಿ.ಗೆ ಅರ್ಜಿ ಕರೆದಿತ್ತು. ಭೂಮಿಯ ಮೇಲೆ ಭಾರ ಹಾಕದಂತೆ, ಬಹುಕಾಲ ಬಾಳುವಂತೆ, ಎಸೆಯಬೇಕಾಗದಂತೆ ವಸ್ತುಗಳನ್ನು ರೂಪಿಸುವ ಬಗೆಯ ಸಂಶೋಧನೆ, ಫೆಲೋಶಿಪ್ ಉಂಟು, ಯಾವ ವಿಷಯದ ಸ್ನಾತಕೋತ್ತರ ಪದವಿಯಾದರೂ ಆದೀತು. ನಾನು ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ. ನನ್ನ ತಲೆಯೊಳಗಿದ್ದದ್ದಕ್ಕೆ ಲೋಕದಲ್ಲಿ ಒಂದು ಹೆಸರಿದೆ, ಒಂದು ವಿಭಾಗವಿದೆ, ಅಲ್ಲಿ ಕುರ್ಚಿ ಹಾಕಿಕೊಂಡು ಕೂತವರಿದ್ದಾರೆ! ಅಮ್ಮ ಅರ್ಜಿಯನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದಳು. ಬಿಳಿಯ ಕಾಗದಕ್ಕೆ ಮೆತ್ತಿಕೊಂಡ ಬೂದಿಯನ್ನು ನಾನು ಸೆರಗಿನಿಂದ ಒರೆಸಿ ಪೋಸ್ಟ್ ಮಾಡಿದೆ.

ಇಂಟರ್‌ವ್ಯೂಗೆ ಕರೆ ಬಂತು. ಮಾಡಿದ ಕೆಲಸ ಏನಾದರೂ ಇದ್ದರೆ ತನ್ನಿ ಎಂದು ಬರೆದಿದ್ದರು. ಅಪ್ಪ ಮಾಡಿದ ಕ್ಯಾಲಿಪರ್ ಅಷ್ಟರಲ್ಲಿ ತಯಾರಿತ್ತು. ಮನೆಯೊಳಗೆ ಹಾಕಿಕೊಂಡು ನಡೆದಿದ್ದೆ. ರಸ್ತೆಯಲ್ಲಿ ನಡೆಯದೆ ಅದು ಕೆಲಸ ಮಾಡುತ್ತದೆಂದು ಅವರಿಗೆ ಹೇಗೆ ಹೇಳುವುದು? ಹೊರಡಲು ವಾರವಿದ್ದಾಗ ಅದನ್ನು ಹಾಕಿಕೊಂಡು ಅಪ್ಪನ ಜೊತೆ ಮಾರ್ಕೆಟ್ಟಿಗೆ ಹೊರಟೆ. ಹೋಗುವಾಗ ಏನೂ ಆಗಲಿಲ್ಲ. ತರಕಾರಿಯವರ ಹತ್ತಿರ ನಿಂತು ಸೊಪ್ಪು ಚೌಕಾಸಿ ಮಾಡಿದೆವು. ಅಪ್ಪ ಮೂರು ಸಲ "ಹೆಂಗಿದೆ?" ಎಂದು ಕೇಳಿದ. ಮೂರು ಸಲವೂ ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ವಾಪಸ್ ಬರುವಾಗ ಇಳಿಜಾರಿನಲ್ಲಿ ಹೆಜ್ಜೆಹೆಜ್ಜೆಯ ಕುಲುಕಾಟಕ್ಕೆ ಬೋಲ್ಟಿನ ನಟ್ಟು ಸಡಿಲಾಗಿ ಎಲ್ಲೋ ಬಿದ್ದುಹೋಯಿತು. ಕೀಲು ಹೊರಳಿತು. ಬೀಳುವಾಗ ಎಡಗೈ ಊರಿದೆ, ಮಣಿಕಟ್ಟಿನ ಮೂಳೆ ಮುರಿಯಿತು.

ಅಪ್ಪ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಸ್ಪ್ರಿಂಗ್ ವಾಷರ್ ಹಾಕ್ಬೇಕಿತ್ತು. ಮಗಾ, ನಟ್ಟು ಬಿಚ್ಚದಂಗೆ ಸ್ಪ್ರಿಂಗ್ ವಾಷರ್ ಹಾಕ್ಬೇಕಿತ್ತು." ಕೈ ಕಟ್ಟಿಸಿಕೊಂಡು ಮನೆಗೆ ಬರುವ ತನಕ ಅದನ್ನೇ ಹೇಳುತ್ತಿದ್ದ. ಅಮ್ಮ, "ಇನ್ನು ಇಂಟರ್‌ವ್ಯೂ ಬೇಡ ಬಿಡಿ" ಎಂದಳು. ನಾನು ಹೋಗಲೇಬೇಕು ಎಂದೆ. ಫೆಲೋಶಿಪ್ಪಿನ ವಯಸ್ಸಿನ ಮಿತಿ ನನಗೆ ಆ ವರ್ಷಕ್ಕೆ ಮುಗಿಯುತ್ತಿತ್ತು.

ಬೆಂಗಳೂರಿನ ಕ್ಯಾಲಿಪರ್ ಹಾಕಿಕೊಂಡರೂ ದೂರ ಹೋಗುವಾಗ, ಮೆಟ್ಟಿಲು ಹತ್ತುವಾಗ ನನಗೆ ಎಡಗೈಯಲ್ಲೊಂದು ಊರುಗೋಲು ಬೇಕು, ಪ್ಲಾಸ್ಟರ್ ಇದ್ದರೆ ಅದನ್ನು ಹಿಡಿಯುವಂತಿಲ್ಲ. ರೈಲಿನಿಂದ ಇಳಿಸುವುದಕ್ಕೆ, ಹತ್ತಿಸುವುದಕ್ಕೆ, ಕಕ್ಕಸಿನ ಬಾಗಿಲ ತನಕ ಬರುವುದಕ್ಕೆ ಎಲ್ಲಕ್ಕೂ ಅಪ್ಪನೇ ಬೇಕಾಯಿತು. ಆ ಸಂಸ್ಥೆಯ ಕಟ್ಟಡ ಸೊಗಸಾಗಿತ್ತು, ಇಟ್ಟಿಗೆಯದು, ನಡುವೆ ಮರ. ವಿಭಾಗ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅಪ್ಪ ನನ್ನ ಮುಂದೆ ಬಾಗಿದ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಅರವತ್ತು ಹತ್ತಿರವಾದ ಅಪ್ಪನ ಬೆನ್ನ ಮೇಲೆ ಕೂತು ನಾನು ನನ್ನ ಇಂಟರ್‌ವ್ಯೂಗೆ ಹೋದೆ. ಕಾಯುತ್ತಿದ್ದ ಉಳಿದ ಅಭ್ಯರ್ಥಿಗಳು ಎದ್ದು ನಿಂತು ದಾರಿ ಬಿಟ್ಟರು.

ಒಳಗೆ ಮೂವರಿದ್ದರು. ಕ್ಯಾಲಿಪರನ್ನು ಮೇಜಿನ ಮೇಲಿಟ್ಟೆ. ಒಬ್ಬರು ಅದನ್ನು ಬಿಚ್ಚಿ ಜೋಡಿಸಿ ನೋಡಿದರು.

"ಇದನ್ನು ಮಾಡಿದವರು ಯಾರು?"

"ಯೋಚನೆ ನನ್ನದು. ಕೈಕೆಲಸ ನಮ್ಮ ತಂದೆಯದು."

"ಕೈಗೆ ಏನಾಯಿತು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇದನ್ನು ಹಾಕಿಕೊಂಡು ಬಿದ್ದೆ ಸರ್. ನಟ್ಟು ಸಡಿಲಾಯಿತು. ಅದನ್ನು ಸರಿಪಡಿಸಬಹುದು."

ಅವರು ಮುಖಮುಖ ನೋಡಿಕೊಂಡರು. ಇದು ವಿನ್ಯಾಸಕ್ಕಿಂತ ಅಂಗವಿಕಲರ ಪುನರ್ವಸತಿಗೆ ಸೇರುವ ವಿಷಯವಲ್ಲವೆ ಎಂದು ಒಬ್ಬರು ಕೇಳಿದರು. ವರ್ಷಕ್ಕೊಂದು ಕ್ಯಾಲಿಪರ್ ಎಸೆಯುವುದು, ಒಂದು ತೂತಿಗಾಗಿ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಮನೆಯಲ್ಲಿ ಕೂರುವುದು, ಇದು ಸಸ್ಟೇನಬಿಲಿಟಿಯ ಪ್ರಶ್ನೆಯಲ್ಲದೆ ಮತ್ತೇನು ಎಂದು ನಾನು ವಾದಿಸಿದೆ. ನನ್ನ ಇಂಗ್ಲಿಷ್ ಅವತ್ತು ನನ್ನನ್ನು ಕೈಬಿಡಲಿಲ್ಲ. ಕೊನೆಗೆ ಅಲ್ಲಿದ್ದ ಹೆಂಗಸು ಮೆತ್ತಗೆ ಕೇಳಿದರು, "ಸ್ಟುಡಿಯೊ, ವರ್ಕ್‌ಶಾಪ್, ಹಾಸ್ಟೆಲ್ ಎಲ್ಲ ಬೇರೆ ಬೇರೆ ಕಡೆ ಇವೆ. ದಿನಾ ಹೇಗೆ ಬರುತ್ತೀರಿ?"

"ಬರ್ತೀನಿ ಮೇಡಂ."

"ಹೇಗೆ?"

ಅವರು ಚುಚ್ಚುವುದಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದು. "ಕೆಳಗೆ, ಆ ಮರದ ಹತ್ತಿರ ಒಂದು ಮೇಜು ಹಾಕಿಕೊಡಿ, ಸಾಕು. ವರ್ಕ್‌ಶಾಪಿಗೆ ನಮ್ಮ ತಂದೆ ಹೋಗುತ್ತಾರೆ" ಎಂದೆ. ಎಂದ ಮೇಲೆ ಅದು ನನ್ನ ಕಿವಿಗೇ ಭಿಕ್ಷೆ ಬೇಡಿದಂತೆ ಕೇಳಿಸಿತು. ಅವರು ಕಣ್ಣು ತಗ್ಗಿಸಿದರು.

ಆಯ್ಕೆಯಾಗಿಲ್ಲ ಎಂಬ ಕಾಗದ ಬಂದಾಗ ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ. ವಿನ್ಯಾಸದಲ್ಲಿ ಅಥವಾ ಎಂಜಿನಿಯರಿಂಗಿನಲ್ಲಿ ಪದವಿ ಇದ್ದವರಿಗೆ ಆದ್ಯತೆ ಕೊಡಲಾಗಿದೆ, ನಿಮ್ಮ ಉತ್ಸಾಹಕ್ಕೆ ಶುಭವಾಗಲಿ ಎಂದಿತ್ತು. ಓದಿ ಮಡಚಿಟ್ಟೆ. ಅಪ್ಪ ಕೀಲಿಗೆ ಹೊಸ ವಾಷರ್ ಹಾಕಿಕೊಂಡು ಬಂದು, "ಈಗ ನೋಡು, ಅಲುಗಾಡಲ್ಲ" ಎಂದು ತೋರಿಸಿದ. ನಾನು ಅದನ್ನು ಕಿತ್ತುಕೊಂಡು ಬಾಗಿಲಿನಿಂದ ಆಚೆಗೆ ಎಸೆದೆ. "ನಿನಗೇನು ಹುಚ್ಚಾ ಅಪ್ಪ? ಯಾರಿಗೆ ಬೇಕು ಇದು? ಯಾರಿಗೆ ಬೇಕು?" ಅದು ಅಂಗಳದ ನಲ್ಲಿಯ ಕಟ್ಟೆಗೆ ಬಡಿದು ಸದ್ದಾಯಿತು. ಪಕ್ಕದ ಮನೆಯ ತಮಿಳು ಅಕ್ಕ ಹೊರಗೆ ಬಂದು ಇಣುಕಿ ಒಳಗೆ ಹೋದರು. ಅಪ್ಪ ಅದನ್ನು ಎತ್ತಿಕೊಂಡು ಬಂದು ಮಂಚದ ಕೆಳಗೆ ತಳ್ಳಿ, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಮಧ್ಯಾಹ್ನದ ಊಟಕ್ಕೆ ಬರಲಿಲ್ಲ.

ಆಮೇಲಿನ ತಿಂಗಳುಗಳ ನೆನಪು ನನಗೆ ಸರಿಯಾಗಿಲ್ಲ. ಅಕ್ಕಪಕ್ಕದ ಹುಡುಗರಿಗೆ ಟ್ಯೂಷನ್ ಹೇಳುತ್ತಿದ್ದೆ, ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಅಮ್ಮ ತಟ್ಟೆ ತಂದಿಟ್ಟು, "ನೀನು ತಿನ್ನದಿದ್ರೆ ಅವರೂ ತಿನ್ನಲ್ಲ ಕಣೇ, ಅದಕ್ಕಾದ್ರೂ ತಿನ್ನು" ಎನ್ನುತ್ತಿದ್ದಳು. ಬದುಕು ಇಷ್ಟೇ ಆದರೆ ಇದನ್ನು ಯಾಕೆ ಎಳೆಯಬೇಕು ಎಂಬ ಯೋಚನೆ ಬಂದದ್ದು ನಿಜ. ಭದ್ರಾ ಸೇತುವೆ ನಮ್ಮ ಮನೆಯಿಂದ ದೂರವಿರಲಿಲ್ಲ. ಆದರೆ ಅಲ್ಲಿಗೆ ಹೋಗಬೇಕೆಂದರೂ ನಾನು ಯಾರನ್ನಾದರೂ ಆಟೋ ಕರೆಯಲು ಕೇಳಬೇಕಿತ್ತು. ಅದು ಹೊಳೆದ ದಿನ ನಗು ಬಂತು, ನಗುತ್ತಾ ನಗುತ್ತಾ ಅಳು ಬಂತು. ಒಲೆಯ ಮುಂದಿದ್ದ ಅಮ್ಮ ಸೌಟು ಹಿಡಿದುಕೊಂಡೇ ಬಂದು ಪಕ್ಕದಲ್ಲಿ ಕೂತಳು. ಸಾರು ಉಕ್ಕಿ ಒಲೆ ಆರಿದ ವಾಸನೆ ಬರುವ ತನಕ ಕೂತಿದ್ದಳು.

ನನ್ನನ್ನು ಮನೆಯಿಂದ ಹೊರಡಿಸಿದವಳು ಆ ಗೆಳತಿಯೇ. ಒಂದು ಭಾನುವಾರ ಲೂನಾ ತಂದು ಬಾಗಿಲಲ್ಲಿ ನಿಲ್ಲಿಸಿ, "ಹತ್ತು. ನಮ್ಮ ಗೈಡ್ ಹತ್ರ ಮಾತಾಡಿದೀನಿ" ಎಂದಳು. ನಾನು ಬರುವುದಿಲ್ಲ ಎಂದೆ. "ಬರ್ದೇ ಏನ್ ಮಾಡ್ತೀಯ ಮಾರಾಯ್ತಿ? ಗೋಡೆ ನೋಡ್ತೀಯಾ? ಗೋಡೆ ನಾಳೆನೂ ಇರುತ್ತೆ." ಭದ್ರಾವತಿಯಿಂದ ಶಿವಮೊಗ್ಗದ ತನಕ ಅವಳ ಸೊಂಟ ಹಿಡಿದು ಕೂತು ಹೋದೆ. ಕ್ಯಾಲಿಪರ್ ಹಾಕಿದ ಕಾಲು ಪಕ್ಕಕ್ಕೆ ನೆಟ್ಟಗೆ ಚಾಚಿಕೊಂಡಿತ್ತು. ಎದುರು ಬಂದವರೆಲ್ಲ ಬೈದರು.

ಅವಳ ಗೈಡ್ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದರು. ನಿವೃತ್ತಿ ಹತ್ತಿರವಾಗಿದ್ದ ಪ್ರೊಫೆಸರ್, ಪ್ಲಾಸ್ಟಿಕ್ ಮೊದಲಾದ ವಸ್ತುಗಳ ಗುಣ ಪರೀಕ್ಷಿಸುವುದು ಅವರ ಕೆಲಸ. ಬನಿಯನ್ ಮೇಲೆ ಶಾಲು ಹೊದ್ದು ಹಲಸಿನ ಹಪ್ಪಳ ತಿನ್ನುತ್ತಾ ಕೂತಿದ್ದರು. ನನ್ನ ಕಥೆ ಪೂರ್ತಿ ಕೇಳಿದರು. ಗೆಳತಿ ಹೊರಡುವಾಗ ಚೀಲಕ್ಕೆ ಹಾಕಿಕೊಂಡಿದ್ದ ನನ್ನ ಮುರಿದ ಹಾಳೆಯನ್ನು ಕೈಯಲ್ಲಿ ಹಿಡಿದು ಬಿರುಕಿನ ಮೇಲೆ ಉಗುರು ಎಳೆದರು.

"ನಿನಗೆ ಡಿಗ್ರಿ ಬೇಕೋ, ಕಾಲು ಬೇಕೋ?"

"ಎರಡೂ ಬೇಕು ಸರ್."

"ಎರಡನ್ನೂ ಕೊಡೋಕೆ ನನ್ನಿಂದ ಆಗಲ್ಲಮ್ಮ. ಒಂದು ಕೊಡಬಲ್ಲೆ."

ಅವರ ಷರತ್ತು ಸ್ಪಷ್ಟವಾಗಿತ್ತು. ಕ್ಯಾಲಿಪರ್ ಎಂಬ ಪದ ಬೇಡ, ವಿನ್ಯಾಸ ಬೇಡ, ಸಸ್ಟೇನಬಿಲಿಟಿಯಂತೂ ಬೇಡವೇ ಬೇಡ. ಅವು ಬಂದರೆ ವಿಶ್ವವಿದ್ಯಾಲಯದ ಸಮಿತಿಯವರು ಇದು ನಿಮ್ಮ ವಿಷಯವಲ್ಲ ಎಂದು ವಾಪಸ್ ಕಳಿಸುತ್ತಾರೆ. ತೂತಿರುವ ಪ್ಲಾಸ್ಟಿಕ್ ಹಾಳೆ ಮತ್ತೆ ಮತ್ತೆ ಬಾಗಿದಾಗ ಬಿರುಕು ಹೇಗೆ ಬೆಳೆಯುತ್ತದೆ ಎಂಬುದನ್ನಷ್ಟೇ ಅಭ್ಯಾಸ ಮಾಡಬೇಕು. ಫೆಲೋಶಿಪ್ ಇಲ್ಲ. "ಯೋಚನೆ ಮಾಡಿ ಹೇಳು" ಎಂದರು.

ನಾನು ಯೋಚಿಸಲಿಲ್ಲ. ಆಗಲಿ ಸರ್ ಎಂದೆ. ಮುಳುಗುವವಳು ಹಗ್ಗದ ಬಣ್ಣ ಕೇಳುತ್ತಾಳೆಯೆ? ಆದರೆ ಲೂನಾದಲ್ಲಿ ಹಿಂದಿರುಗುವಾಗ ಗೆಳತಿ ಖುಷಿಯಿಂದ ಏನೇನೋ ಹೇಳುತ್ತಿದ್ದರೆ, ನನಗೆ ಯಾರದೋ ಮಣ್ಣಿಗೆ ಹೋಗಿ ಬಂದಂತಿತ್ತು.

ಮುಂದಿನ ವರ್ಷಗಳು ಭದ್ರಾವತಿ–ಶಂಕರಘಟ್ಟದ ಬಸ್ಸಿನಲ್ಲಿ ಕಳೆದವು. ವಿದ್ಯಾರ್ಥಿಗಳು ತುಂಬಿ ಬಾಗಿಲಿಗೆ ಜೋತುಬೀಳುವ ಬಸ್ಸು. ನಿಲ್ಲಿಸದೆ ಹೋದವು ಎಷ್ಟೋ. ಹಾಳೆಯನ್ನು ಬಾಗಿಸುವ ಯಂತ್ರ ಲ್ಯಾಬಿನಲ್ಲಿ ಇರಲಿಲ್ಲ. ವಿಷಯ ತಿಳಿದ ಅಪ್ಪ ಹಳೆಯ ಗ್ರೈಂಡರಿನ ಮೋಟರ್ ಬಿಚ್ಚಿ ಒಂದನ್ನು ಮಾಡಿ, ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ತಂದುಕೊಟ್ಟ. ಮೊದಮೊದಲು ಅದು ಕಿರುಚುತ್ತಿತ್ತು, ಬೆಲ್ಟ್ ಹಾರುತ್ತಿತ್ತು. ಪಕ್ಕದ ಲ್ಯಾಬಿನವರು ದೂರು ಕೊಟ್ಟರು. ಒಂದು ಸಲ ಅರ್ಧ ವರ್ಷದ ಅಳತೆಗಳೆಲ್ಲ ತಪ್ಪೆಂದು ಗೊತ್ತಾಗಿ ಮತ್ತೆ ಶುರುಮಾಡಬೇಕಾಯಿತು. ಗೈಡ್ ನಿವೃತ್ತರಾದರು, ಆದರೂ ಕೈಬಿಡಲಿಲ್ಲ. ಹೊಸಮನೆಯ ಅದೇ ಕುರ್ಚಿಯಲ್ಲಿ ಕೂತು ನನ್ನ ಅಧ್ಯಾಯಗಳನ್ನು ತಿದ್ದಿದರು. ನಡುವೆ ಎರಡು ಸಲ ನನ್ನ ಕ್ಯಾಲಿಪರ್ ಮುರಿಯಿತು. ಎರಡು ಸಲವೂ ಬೆಂಗಳೂರಿಗೆ ಹೋದೆವು, ಸರದಿ ಕಾದೆವು, ನಾನು ಮನೆಯಲ್ಲಿ ತೆವಳಿದೆ. ಬಿರುಕು ಯಾಕೆ ಹುಟ್ಟುತ್ತದೆ, ತೂತಿನ ಅಂಚನ್ನು ಹೇಗೆ ನಯಮಾಡಿದರೆ ತಡವಾಗಿ ಹುಟ್ಟುತ್ತದೆ ಎಂದು ಆ ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯಲ್ಲಿ ಹೇಳಿದೆ. "ಶೀಟ್ ಹಾಗೇ ಬರೋದು ಮೇಡಂ" ಎಂದರು.

ಪದವಿ ಬಂತು. ಈಗ ಶಿವಮೊಗ್ಗದ ಇನ್ನೊಂದು ಕಾಲೇಜಿನಲ್ಲಿ ಕೆಲಸವೂ ಇದೆ. ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆದಾಗ ಕೆಲವರು ನನ್ನನ್ನು ಔಷಧಿಯ ಬಗ್ಗೆ ಕೇಳುತ್ತಾರೆ.

ಪ್ರಬಂಧದ ಪ್ರತಿ ಬೈಂಡ್ ಆಗಿ ಮನೆಗೆ ಬಂದ ದಿನ ಅಪ್ಪ ಕೈ ತೊಳೆದುಕೊಂಡು ಬಂದು ಅದನ್ನು ತೊಡೆಯ ಮೇಲಿಟ್ಟುಕೊಂಡ. ನೀಲಿ ರಟ್ಟಿನ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಅವನಿಗೆ ಇಂಗ್ಲಿಷ್ ಬಾರದು. "ಕನ್ನಡದಲ್ಲಿ ಹೇಳ್ತಾ ಓದು" ಎಂದ. ನಾನು ಅದನ್ನು ತೆಗೆದುಕೊಂಡು ಮೊದಲ ಅಧ್ಯಾಯದಿಂದ ಶುರುಮಾಡಿದೆ. ಹಾಳೆ ಎಷ್ಟು ದಪ್ಪ, ತೂತು ಎಷ್ಟು ಅಗಲ, ಯಂತ್ರ ಹೇಗೆ ಬಾಗಿಸಿತು. ಯಂತ್ರದ ಮಾತು ಬಂದಾಗ ಅಪ್ಪ ನೆಟ್ಟಗೆ ಕೂತ. ಅಮ್ಮ ಕಾಫಿ ತಂದಿಟ್ಟು ಹೋದಳು. ಎರಡನೆಯ ಅಧ್ಯಾಯ ಮುಗಿದು ಮೂರನೆಯದಕ್ಕೆ ಬಂದಾಗ ಅಪ್ಪ ಕೈ ಎತ್ತಿ ನಿಲ್ಲಿಸಿದ.

"ನಿನ್ನ ಕಾಲಿನ ವಿಷಯ ಎಲ್ಲಿ ಬರುತ್ತೆ ಮಗಾ?"

"ಬರಲ್ಲಪ್ಪ."

"ಕೊನೇಲೂ ಇಲ್ವಾ?"

"ಇಲ್ಲ."

ಅಪ್ಪ ಆರಿಹೋಗಿದ್ದ ಕಾಫಿಯನ್ನು ಎತ್ತಿ ಕುಡಿದ. ಲೋಟ ಕೆಳಗಿಟ್ಟು, ಮಡಿಲಲ್ಲಿದ್ದ ಟವೆಲಿನಿಂದ ಬಾಯಿ ಒರೆಸಿಕೊಂಡ.

"ಸರಿ, ಮುಂದೆ ಓದು" ಎಂದ.